ಮೂವತ್ತು ಸೆಕೆಂಡು

ವಾಡಿ ಜಂಕ್ಷನ್ನಿನ ವಿಚಾರಣೆ ಕಿಟಕಿಯೊಳಗ
ಇಪ್ಪತ್ತಾರು ವರ್ಷ ಕೂತಾಳ ಪುತಳಾಬಾಯಿ ರಾಠೋಡ.
ದಿನಕ್ಕ ಕಡಿಮಿ ಅಂದ್ರೂ ನಾನೂರು ಸವಾಲು,
ನಾನೂರಕ್ಕೂ ಜವಾಬು ಬರೋಬ್ಬರಿ,
ಒಂದಕ್ಕೂ ಚಪ್ಪಾಳಿ ಬಿದ್ದಿದ್ದಿಲ್ಲ.
ಅಲ್ಲಿ ಬೆಂಗಳೂರಿನಾಗ, ನೀಲಿ ದೀಪದ ಕೆಳಗ,
ಬರೇ ಹನ್ನೊಂದು ಸವಾಲಿಗೆ ಹನ್ನೆರಡೂವರಿ ಲಕ್ಷ.
ತೆರಿಗಿ ಹೋಗಿ ಎಂಟು ಚಿಲ್ಲರ.

ನಾನು ಪಾರ್ಸಲ್ ಆಫೀಸಿನ ಕಾಶಪ್ಪ.
ನನ್ನ ಮುಖ ಯಾರಿಗೂ ಗೊತ್ತಿಲ್ಲ, ದನಿ ಗೊತ್ತದ.
ಅಕಿ ಫೋನ್ ಹಚ್ಚಿದಾಗ
ಟಿವಿಯೊಳಗ 'ಹಲೋ, ಯಾರ್ರೀ' ಅಂದಾಂವ ನಾನೇ.

ಇದ್ದದ್ದು ಮೂವತ್ತು ಸೆಕೆಂಡು.
ಸವಾಲು ಓದೂದಕ್ಕೇ ಹತ್ತು ಹೋದವು:
ಆಕ್ಟೋಪಸ್ಸಿಗೆ ಹೃದಯ ಎಷ್ಟು?
ಒಂದು, ಎರಡು, ಮೂರು, ಒಂಬತ್ತು.

ಕಾಗಿಣಾದಾಗ ಮೀನ ಕಂಡಾಂವ ನಾ,
ಸಮುದ್ರ ಕ್ಯಾಲೆಂಡರಿನಾಗಷ್ಟೇ.
ಒಂದು ಹೃದಯದ ಲೆಕ್ಕವೇ ಇನ್ನೂ ಹತ್ತಿಲ್ಲ.
'ಪುತಳಾ, ನನಗ ತಿಳೀವಲ್ದು' ಅಂದೆ.
ಇನ್ನೂ ಹದಿನಾಲ್ಕು ಸೆಕೆಂಡು ಉಳಿದಿತ್ತು.
ಖಾಲಿ ವ್ಯಾಗನ್ ಕಳಸಬಾರದು ಅನ್ನೂ ಚಟ ನಂದು,
ಕೈಗೆ ಸಿಕ್ಕಿದ್ದು ತುಂಬಿದೆ:
'ಉದ್ಯಾನ ಎರಡು ತಾಸು ತಡ ಅದ.
ನಿನ್ನ ಕುರ್ಚಿ ಮ್ಯಾಗ ಬೆಕ್ಕು ಮಲಗೇದ.
ಎಬ್ಬಿಸಿಲ್ಲ.'

ಅಕಿ ನಕ್ಳು. ನಾಡೆಲ್ಲ ನೋಡ್ತು ಆ ನಗು.
ಲೈನ್ ಕಟ್ಟಾತು.
'ಮೂರು' ಅಂದ್ಳು.

ಆಮ್ಯಾಗ ಏನೇನೋ ಆತು.
ಎರಡನೇ ಷೋದಾಗ ಕಾರು ಬಂತು, ಓಡಿಸಲಿಕ್ಕೆ ಬರಂಗಿಲ್ಲ,
ಮಾರಿ ತಾಂಡಾದ ಮನಿ ಮ್ಯಾಗ ಇನ್ನೊಂದು ಮನಿ ಎಬ್ಬಿಸಿದ್ಳು.
ಕಲಬುರಗಿಯ ಕೋಚಿಂಗ್ ಸೆಂಟರಿನ ಬೋರ್ಡಿನ ಮ್ಯಾಗ
ಬಸ್ಸಿನಷ್ಟು ಉದ್ದ ಅಕಿ ಮುಖ;
ಆ ಮೆಟ್ಟಲು ಅಕಿ ಒಂದಿನಾನೂ ಹತ್ತಿದಾಕಿ ಅಲ್ಲ.
ಶಾಲು ಮೂವತ್ತೊಂದು.
ಬಿಸಲಾಗ ಶಾಲು ಹೊದ್ದು ಬೆವರೂದು ಒಂದು ನೌಕರಿ, ಕಾಶಪ್ಪ,
ಅಂತಿದ್ಳು.

ಕಿಟಕಿಗೂ ಬಂದ್ರು, ಟಿಕೀಟಿಲ್ಲದ ಮಂದಿ:
'ಮ್ಯಾಡಂ, ಮಂಗೋಲಿಯಾದ ರಾಜಧಾನಿ?'
'ಉಲಾನ್‌ಬಾತರ್. ಮುಂದ?'
ಮುಂದಿನಾಕಿ ಒಬ್ಬ ಮುದುಕಿ, ಯಾದಗಿರಿಗೆ ಹೋಗಾಕಿ,
ಅಕಿಗೂ ಅದೇ ದನಿಯೊಳಗ: 'ಮೂರನೇ ಪ್ಲಾಟ್‌ಫಾರಂ.'

ಮತ್ತೊಂದು ಚಾನೆಲ್ಲಿನವರು ತಾಂಡಾಕ್ಕೇ ಬಂದ್ರು.
ಬಾವಿ ಎಲ್ಲಿ ಅಂದ್ರು. ತಲಿ ಮ್ಯಾಗ ಕೊಡ ಹೊರ್ರಿ ಅಂದ್ರು.
'ನಳ ಬಂದು ನಾಕು ವರ್ಷ ಆಗ್ಯಾವ, ತಿರುವಿ ನೋಡ್ರಿ.'
'ಸ್ವಲ್ಪ ಅತ್ರ ಛಲೋ ಇತ್ತು ಮ್ಯಾಡಂ.'
'ಅದಕ್ಕೂ ನಾಕು ಆಯ್ಕೆ ಕೊಡ್ರಿ.'
ಅವರು ಮತ್ತ ಕರೀಲಿಲ್ಲ.

ಕಡೀ ಷೋ, ಬೀದರಿನ ಒಬ್ಬ ಪೋರನ ಎದುರು.
ಹತ್ತೊಂಬತ್ತು ವಯಸ್ಸು, ಬಜರಿನ ಮ್ಯಾಗ ಬೆರಳಿಲ್ಲ, ಮಿಂಚು.
ಸೋತು ಬಂದ್ಳು. ಬ್ಯಾಗು ಇಟ್ಟು ಬೆಕ್ಕು ಇಳಿಸಿದ್ಳು.
'ಎಲ್ಲಾ ಗೊತ್ತಿತ್ತೋ,
ಬೆರಳು ತಡ ಓಡಾಕತ್ತೇದ.'

ಬರೂ ತಿಂಗಳು ರಿಟೈರು.
ಕಿಟಕಿಗೆ ಹಲಗಿ ಬಡದು ಪರದೆ ಹಚ್ತಾರಂತ,
ತಾನೇ ಹೇಳತದಂತ ಅದು.
ಮನ್ನೆ ಚಾದ ಹೊತ್ತಿಗೆ ಕೇಳೇಬಿಟ್ಟೆ,
ಹನ್ನೊಂದು ವರ್ಷ ಹಲ್ಲಿನ ಸಂದಿಯಾಗ ಹಿಡಿದದ್ದು:
'ಅವತ್ತು, ಮೂರು ಅಂತ, ನಿನಗ ಮೊದಲೇ ಗೊತ್ತಿತ್ತೇನು?
ಮತ್ತ ನನಗ್ಯಾಕ ಫೋನ್ ಹಚ್ಚಿದಿ?'

ಬಸಿಯೊಳಗ ಚಾ ಊದಿದ್ಳು.
ಕಿಟಕಿಗೆ ಯಾರೋ ಬಂದ್ರು, ಸೊಲ್ಲಾಪುರದ ಗಾಡಿ ಕೇಳಿದ್ರು.
ಅವರಿಗೆ ಹೇಳಿದ್ಳು.

ಆಕ್ಟೋಪಸ್ಸಿನ ಬಗ್ಗೆ ಈಗ ನಾ ಭಾಳ ಓದೀನಿ.
ಈಜೂ ಹೊತ್ತಿಗೆ ಮೂರರಾಗ ಒಂದು ನಿಂತೇ ಬಿಡತದಂತ,
ಅದಕ್ಕೇ ಅದು ತೆವಳೂದೇ ಹೆಚ್ಚಂತ.
ಡ್ಯೂಟಿ ಮುಗಿಸಿ ಅಕಿ ಮೇಲ್ಸೇತುವಿ ಹತ್ತತಾಳ,
ಒಂದು ಕೈಯಾಗ ಬುತ್ತಿ, ಒಂದು ಕೈ ಕಂಬಿ ಮ್ಯಾಗ.
ಇತ್ತ ಪಾರ್ಸಲ್ ಬಾಗಲಾಗ
ನಾ ಎಣಸ್ತೀನಿ.
ಇಪ್ಪತ್ತೆಂಟು, ಇಪ್ಪತ್ತೊಂಬತ್ತು.
ಅಕಿ ಇನ್ನೂ ಅರ್ಧ ಸೇತುವಿ ದಾಟಿಲ್ಲ.