ಎಪ್ಪತ್ತೆರಡರ ಒಳಗೆ

ಹರಿದದ್ದು ಗೊತ್ತಾದದ್ದು ಆಮೇಲೆ.
ಅವನು ದೀಪ ಹಾಕಿದ, ನೋಡಿದ,
ಸತ್ತ ಹಲ್ಲಿ ಹಿಡಿದವನ ಹಾಗೆ
ಕೈ ದೂರ ಚಾಚಿ ನಿಂತ.
ನಾನು ಗೋಡೆಯ ಗಡಿಯಾರ ನೋಡಿದೆ: ಹತ್ತೂ ಇಪ್ಪತ್ತು.
ಹದಿನೆಂಟು ವರ್ಷದ ಕಸುಬು ಕಲಿಸಿದ್ದು ಇದು,
ಮೊದಲು ಗಂಟೆ ನೋಡು, ಅಳು ಆಮೇಲೆ.

ಸೋಪು ಕೇಳಿದ. ಡೆಟಾಲ್ ಕೇಳಿದ.
ಈ ಹೊತ್ತಲ್ಲಿ ನಿಂಬೆಹಣ್ಣು ಸಿಗುತ್ತಾ ಎಂದ.
ಬರೀ ನೀರಲ್ಲಿ ತೊಳಕೊ, ಉಜ್ಜಬೇಡ ಕಣಪ್ಪ,
ಉಜ್ಜಿದ ಚರ್ಮ ಚಿಲಕ ತೆಗೆದ ಬಾಗಿಲು.

ಆಗ ಅವನ ಕಣ್ಣು ನನ್ನ ಮೇಲೆ ಬಿತ್ತು,
ಅರ್ಧ ಗಂಟೆ ಮುಂಚೆ ಬಿದ್ದ ಕಣ್ಣಲ್ಲ.
‘ನಿಂಗೇನೂ ಇಲ್ಲ ತಾನೆ?’

ಚೀಟಿ ತೆಗೆದೆ. ಮಡಿಸಿ ಮಡಿಸಿ
ಹಳೇ ಸೀರೆಯಷ್ಟು ಮೆತ್ತಗಾದ ಚೀಟಿ,
ಯುಗಾದಿ ಕಳೆದ ವಾರದ್ದು, ದೊಡ್ಡಾಸ್ಪತ್ರೆ ಸೀಲು.
‘ಮೂರು ತಿಂಗಳಿಗೊಂದ್ಸಲ ರಕ್ತ ಕೊಡ್ತೀನಿ.
ನಿಂದು ತೋರ್ಸು.’

ಅವನ ಪರ್ಸಿನಲ್ಲಿ ಲೈಸೆನ್ಸಿತ್ತು,
ಮೊಟ್ಟೆ ತಲೆಯ ಮಗುವಿನ ಫೋಟೊ ಇತ್ತು,
ನಂಜನಗೂಡಿನ ವಿಭೂತಿ ಪೊಟ್ಟಣವಿತ್ತು.

ಲಾಡ್ಜಿನಿಂದ ಇರ್ವಿನ್ ರಸ್ತೆ ಹಿಡಿದು ನಡೆದೆವು,
ನಾನು ಮುಂದೆ, ಅವನು ಹತ್ತು ಹೆಜ್ಜೆ ಹಿಂದೆ.
ಯಾರಾದರೂ ಎದುರಾದರೆ ಹನ್ನೆರಡು.
ನನಗೆ ಕೊಟ್ಟ ಹೆಸರು ಪ್ರಸನ್ನ,
ಚೀಟಿ ಬರೆಸುವ ಕಿಟಕಿಯಲ್ಲಿ ಲಿಂಗರಾಜು.

ಡ್ಯೂಟಿಯಲ್ಲಿದ್ದವಳು ನನ್ನ ಮಗಳಿಗಿಂತ
ನಾಲ್ಕೈದು ವರ್ಷಕ್ಕೆ ದೊಡ್ಡವಳಿರಬೇಕು,
ಡಾಕ್ಟರ್ ತಸ್ಮಿಯಾ. ತಲೆ ಎತ್ತದೆ ಬರೆದಳು:
ಎಷ್ಟು ಹೊತ್ತಿಗೆ? ಹುಣ್ಣು, ಗಾಯ ಏನಾದರೂ?
ಮಾತ್ರೆ ಎಪ್ಪತ್ತೆರಡು ಗಂಟೆಯ ಒಳಗೆ ಶುರುವಾಗಬೇಕು,
ಬೇಗ ಆದಷ್ಟೂ ಒಳ್ಳೆಯದು.
ಇಬ್ಬರ ಬೆರಳೂ ಚುಚ್ಚಿದಳು.
ಇಬ್ಬರ ಪಟ್ಟಿಯಲ್ಲೂ ಒಂದೊಂದೇ ಗೆರೆ.
ಅವನು ಆಗಲೇ ಎದ್ದು ನಿಂತಿದ್ದ.

‘ಕೂತ್ಕೊಳ್ಳಿ. ಇತ್ತೀಚೆಗೆ ಬೇರೆಲ್ಲಾದರೂ?’
ಫ್ಯಾನು ತಿರುಗಿತು. ಅವನು ನೆಲಕ್ಕೆ ಹೇಳಿದ,
‘ಮೂರು ವಾರ ಆಯ್ತು. ಹಾಕ್ಕೊಂಡಿರ್ಲಿಲ್ಲ.’

ಪೆನ್ನು ನಿಂತಿತು.
ಹೊಸದಾಗಿ ತಗುಲಿದ್ದು ಇಷ್ಟು ಬೇಗ
ಈ ಪಟ್ಟಿಯಲ್ಲಿ ಕಾಣದೆಯೂ ಇರಬಹುದು ಎಂದಳು.
ಮಾತ್ರೆ ನನ್ನ ಕಡೆ ಸರಿಸಿದಳು.

‘ನಂಗೆ?’
‘ನಿಮ್ಮ ಎಪ್ಪತ್ತೆರಡು ಗಂಟೆ ಯಾವಾಗಲೋ ಮುಗೀತು.
ಆರನೇ ವಾರಕ್ಕೆ ಬನ್ನಿ, ಮತ್ತೆ ಮೂರು ತಿಂಗಳಿಗೆ.
ಅಲ್ಲೀವರೆಗೂ ಮನೇಲೂ ನಿರೋಧ್.’
‘ಮನೇಲಿ ಏನಂತ ಹೇಳ್ಲಿ?’
ಅದಕ್ಕೆ ಅವಳ ಹತ್ತಿರ ಮಾತ್ರೆ ಇರಲಿಲ್ಲ.

ಒಂದು ಸಲಕ್ಕೆ ತಗಲುವುದು
ಸಾವಿರದಲ್ಲೊಂದು ಇರಬಹುದಂತೆ,
ಅದೂ ಆ ಕಡೆಯವನಿಗೆ ಇದ್ದರೆ. ಸಣ್ಣದು, ಹೆದರಬೇಡಿ.
ಸಾವಿರ ಎಂದರೆ ನನಗೆ ಎಷ್ಟು ವರ್ಷ ಎಂದು
ಗುಣಿಸಲು ಹೋಗಿ ಬಿಟ್ಟೆ.

ಇಪ್ಪತ್ತೆಂಟು ಮಾತ್ರೆ, ಇಪ್ಪತ್ತೆಂಟು ರಾತ್ರಿ,
ಪಂಚಾಂಗದ ನಕ್ಷತ್ರಕ್ಕಿಂತ ಒಂದು ಹೆಚ್ಚು.
ಮೊದಲ ವಾರ ಹೂವಿನ ವಾಸನೆಗೂ ವಾಕರಿಕೆ,
ಸಾರು ಕುದಿದರೆ ಬೀದಿಗೆ ಓಡುತ್ತಿದ್ದೆ.
ಮಗಳು ಕೇಳಿದಳು. ರಕ್ತ ಕಮ್ಮಿಗೆ ಎಂದೆ.
ಪೂರ್ತಿ ಸುಳ್ಳೇನಲ್ಲ, ರಕ್ತದ ವಿಷಯವೇ.
ಹತ್ತೊಂಬತ್ತನೆಯದು ಮರೆತು ಮಲಗಿದ್ದೆ,
ಎರಡು ಗಂಟೆಗೆ ಎದ್ದು ಕತ್ತಲಲ್ಲೇ ನುಂಗಿದೆ.

ಮೂರನೇ ತಿಂಗಳ ರಕ್ತಕ್ಕೆ ಹೋದಾಗ
ಊರೆಲ್ಲ ದಸರಾ ದೀಪ ಕಟ್ಟುತ್ತಿದ್ದರು.
ಬೆಂಚಿನ ಆ ತುದಿಯಲ್ಲಿ ಅವನು,
ಪಕ್ಕದಲ್ಲಿ ಮಗು ಎತ್ತಿಕೊಂಡ ಹೆಂಗಸು.
ಕೂದಲು ಬಂದಿತ್ತು ಮಗುವಿಗೆ.

ಅವನು ಗೋಡೆಯ ಮೇಲಿನ ಚಿತ್ರ ಓದುತ್ತಲೇ ಇದ್ದ.
ಅವಳೇ ಎದ್ದು ಬಂದಳು.
‘ಅಕ್ಕಾ, ರಿಪೋರ್ಟು ಯಾವ್ ಕಿಟ್ಕೀಲಿ ಕೊಡ್ತಾರೆ?’
ತೋರಿಸಿದೆ.
ಅಷ್ಟರಲ್ಲಿ ನನ್ನ ಹೆಸರು ಕರೆದರು,
‘ಚಿಕ್ಕತಾಯಮ್ಮ.’
ನನ್ನದು ಒಂದೇ ಹೆಸರು.