ಖಾಲಿ ಖಾನೆ

ಏಪ್ರಿಲ್, ಮೇ, ಎರಡು ತಿಂಗಳು ನನಗೆ
ಸಂಜೆ ಐದಕ್ಕೆ ಬೆಳಗಾಗುತ್ತಿತ್ತು.
ಬಿಸಿಲು ಇಳಿಯುವಾಗ ಹಲ್ಲುಜ್ಜಿ, ಮೊಸರನ್ನ ಉಂಡು,
ಊರೆಲ್ಲ ಮನೆ ಸೇರಲು ನೇತಾಡುವ ಬಸ್ಸಿಗೆ
ನಾನು ಕೆಲಸಕ್ಕೆ ಹತ್ತುತ್ತಿದ್ದೆ.

ಕೆಲಸ ಇಷ್ಟೇ: ಜಾರಕಬಂಡೆ ಕಾವಲಿನಲ್ಲಿ
ಕತ್ತೆತ್ತಿಕೊಂಡು ನಡೆಯುವುದು.
ಗಂಟೆಗೆ ಒಂದು ಕಿಲೋಮೀಟರು. ಜೋರಾದರೆ
ಐರಿನ್ ಮೇಡಂ ಹಿಂದಿನಿಂದ ಅಂಗಿ ಜಗ್ಗುತ್ತಿದ್ದರು.
ಹಣೆಯ ದೀಪಕ್ಕೆ ಕೆಂಪು ಜಿಲೇಟಿನ್ ಕಾಗದ, ರಬ್ಬರ್ ಬ್ಯಾಂಡು.
"ಯಾರದಮ್ಮ ಹುಟ್ಟುಹಬ್ಬ?" ಅಂದಿದ್ದ ಅಂಗಡಿಯವ.
ಬಿಳಿ ಬೆಳಕು ಕಾಡುಪಾಪನ ಕಣ್ಣಿಗೆ ಚುಚ್ಚುತ್ತದೆ
ಅಂತ ವಿವರಿಸಲು ಹೋಗಲಿಲ್ಲ.

ಮೋಸಗಳು ಬಹಳ.
ಜೇಡದ ಕಣ್ಣೂ ಮಿಂಚುತ್ತದೆ,
ಕೊಂಬೆಗೆ ಸಿಕ್ಕಿದ ಚಿಪ್ಸ್ ಪೊಟ್ಟಣವೂ.
ಒಮ್ಮೆ ಹೊಂಗೆಯ ತುದಿಯಲ್ಲಿ ಎರಡು ಕೆಂಡ ಕಂಡು
ಹತ್ತು ನಿಮಿಷ ಉಸಿರು ಬಿಗಿಹಿಡಿದು ನಿಂತೆವು.
ಆಚೆ ಹದಿನೆಂಟನೇ ಮಹಡಿಯ ನೆತ್ತಿಯಲ್ಲಿ
ವಿಮಾನಗಳಿಗೆಂದು ಇಟ್ಟ ದೀಪ.
ಗಾರ್ಡ್ ಹುಲುಗಪ್ಪ ಎಲೆಅಡಿಕೆ ಉಗುಳಿ ಅಂದ:
"ಅದನ್ನೂ ಬರಕೋರಿ, ಒಂದು ಜೋಡಿ."

ಮೊದಲ ವಾರ ಏನೂ ಇಲ್ಲ.
ಖಾನೆ ಖಾಲಿ ಬಿಟ್ಟದ್ದಕ್ಕೆ ಮೇಡಂಗೆ ಸಿಟ್ಟು.
"ಖಾಲಿ ಅಂದ್ರೆ ನೀನು ಹೋಗಲೇ ಇಲ್ಲ ಅಂತ.
ಸೊನ್ನೆ ಅಂದ್ರೆ ಹೋದೆ, ನೋಡಿದೆ, ಕಾಣಲಿಲ್ಲ ಅಂತ.
ಎರಡೂ ಒಂದೇ ಅಲ್ಲ. ಸೊನ್ನೆ ಬರಿ."
ಬರೆದೆ. ಪೆನ್ಸಿಲಿನ ಮೊನೆ ಸವೆದು
ಸೊನ್ನೆಗಳು ದಪ್ಪಗಾಗುತ್ತ ಹೋದವು.

ಹಗಲು ನಿದ್ದೆ ಎಲ್ಲಿಯದು? ಶೀಟಿನ ಮನೆ.
ಹೊದ್ದ ಒದ್ದೆ ಟವೆಲು ಕಾಲು ಗಂಟೆಗೆ ಹಪ್ಪಳ.
ಎದುರಿನ ಸೈಟಿನಲ್ಲಿ ಟೈಲ್ಸ್ ಕೊಯ್ಯುವ ಸದ್ದು.
"ನೈಟ್ ಶಿಫ್ಟಾ? ಯಾವ ಕಂಪನಿ?" ಮನೆ ಓನರು ಚಿಕ್ಕತಾಯಮ್ಮ.
"ಕಾಡುಪಾಪ ಎಣಿಸೋದು ಆಂಟಿ. ದಿನಕ್ಕೆ ಆರುನೂರು."
"ಸಿಗದಿದ್ರೆ?"
"ಆಗಲೂ ಆರುನೂರು."
ಬಹಳ ಹೊತ್ತು ನಕ್ಕರು. ಆಮೇಲೆ
ಉಪ್ಪು ಖಾರ ಹಚ್ಚಿದ ಅರ್ಧ ಮಾವಿನಕಾಯಿ ಕೊಟ್ಟರು.

ಹತ್ತೊಂಬತ್ತನೆಯ ರಾತ್ರಿ
ಸೀಗೆಬಳ್ಳಿ ತಾಪಸಿ ಮರವನ್ನು ತಬ್ಬಿದ ಕಡೆ
ಹುಲುಗಪ್ಪ ಮಾತಾಡದೆ ಕೋಲು ಚಾಚಿದ.
ಎರಡು ಕಿತ್ತಳೆ ಮಣಿ.
ಆರಿದವು. ಮತ್ತೆ ಹೊತ್ತಿದವು.
ಕಡ್ಡಿಯಂಥ ಕೈ ಮುಂದಿಡುತ್ತಿತ್ತು,
ಅಡವಿಟ್ಟ ಸರ ಬಿಡಿಸಲು ನೋಟು ಎಣಿಸುವವಳ ಹಾಗೆ
ಒಂದೊಂದೇ ಬೆರಳು, ತಪ್ಪಬಾರದೆಂದು.
ಹೊಟ್ಟೆಗೆ ಅಂಟಿಕೊಂಡು ಇನ್ನೊಂದು, ಹುಣಸೆಕಾಯಿಯಷ್ಟು.
ಕೈ ನಡುಗಿ ೨ ಹೋಗಿ ೩ ಆಯಿತು.
ಅಳಿಸಿ ಬರೆದೆ.

ಅಮಾವಾಸ್ಯೆಯ ಸಂಜೆ, ಗೇಟಿನೆದುರು ಟೀ ಅಂಗಡಿ.
ಇಸ್ತ್ರಿ ಅಂಗಿಯ ಮನುಷ್ಯ, ಬೈಕಿನ ಹ್ಯಾಂಡಲಿಗೆ
ನಿಂಬೆಹಣ್ಣಿನ ಚೀಲ. ತುಂಬಾ ಮರ್ಯಾದಸ್ಥ, ತಂಗೀ ಅಂದ.
"ಯಾವ ಮರ ಅಂತ ತೋರ್ಸಿದ್ರೆ ಐದು ಸಾವಿರ.
ಜೀವಕ್ಕೇನೂ ಮಾಡಲ್ಲ. ಕಣ್ಣು ಅಷ್ಟೇ."

ಕಣ್ಣು ಅಷ್ಟೇ.
ನನ್ನ ಕಂಕುಳಲ್ಲಿ ಫೈಲು, ಅದರೊಳಗೆ
ತಾಪಸಿ ಮರದ ಅಕ್ಷಾಂಶ, ರೇಖಾಂಶ, ಎತ್ತರ.
"ಇಷ್ಟು ದಿನಕ್ಕೆ ಎಷ್ಟು ಸಿಕ್ಕಿದ್ವು?"
"ಸೊನ್ನೆ."
"ತಿಂಗಳು ನಡೆದು ಸೊನ್ನೆನಾ?"
"ನೋಡಿ ಅಣ್ಣ," ಅಂತ
ಮೊದಲ ವಾರದ ಹಾಳೆ ಮಾತ್ರ ಬಿಚ್ಚಿದೆ.
ದುಂಡಗೆ, ಕಪ್ಪಗೆ, ಸಾಲು ಸಾಲು.
ನನ್ನನ್ನೇ ಪಾಪ ಅನ್ನುವ ಹಾಗೆ ನೋಡಿ
ನನ್ನ ಟೀ ದುಡ್ಡೂ ಕೊಟ್ಟು ಹೋದ.
ಹುಲುಗಪ್ಪ ಬೈಕಿನ ನಂಬರನ್ನು
ಸುಣ್ಣದ ಬೆರಳಲ್ಲಿ ಕಂಬದ ಮೇಲೆ ಬರೆದಿಟ್ಟ.

ಆ ರಾತ್ರಿ ದೀಪ ಹಚ್ಚಲಿಲ್ಲ.
ಗಾರ್ಡ್ ರೂಮಿನ ಕಟ್ಟೆಯ ಮೇಲೆ ಮೂವರೂ
ಸೊಳ್ಳೆ ಹೊಡೆಯುತ್ತ ಕೂತೆವು.
ಎರಡರ ಸುಮಾರಿಗೆ ಆ ಮರದ ಕಡೆಯಿಂದ
ಸೀಟಿಯಂಥ ಕೂಗು, ಸಣ್ಣದು.
ಯಾರೂ ಕತ್ತೆತ್ತಲಿಲ್ಲ.
ಬೆಳಗಿನ ಜಾವ ಹಾಳೆ, ಪೆನ್ಸಿಲು ತೆಗೆದೆ.
"ಖಾಲಿ ಬಿಡು," ಅಂದರು ಐರಿನ್ ಮೇಡಂ.