ಮೈಲಿಗೆ ಜೀವ

ನವೆಂಬರಿನಲ್ಲಿ ಪಿಂಚಣಿಯವರು ಬರುತ್ತಾರೆ,
ಸವೆದ ಹೆಬ್ಬೆಟ್ಟು ನನ್ನ ಗಾಜಿನ ಮೇಲೊತ್ತಿ
ಬದುಕಿದ್ದೇವೆಂದು ಸರ್ಕಾರಕ್ಕೆ ಹೇಳಿ ಹೋಗುತ್ತಾರೆ.
ಮಾರ್ಚಿನಲ್ಲಿ ಇನಾಯತ್ ಸಾಬರೊಬ್ಬರೇ.

ಮೊದಲ ಸಲ ಬಂದಾಗ
"ನನ್ನ ಮೈಲಿಗೆ ಒಂದಿಷ್ಟು ಜೀವ ಕೊಡಮ್ಮ" ಅಂದರು.
"ಯಾವ ಮೈಲಿಗೆ ಸಾಬರೇ, ಸೂತಕವಾ?" ಅಂದೆ.
ನಕ್ಕು, ಜೇಬಿನಿಂದ ನೀಲಿ ಕಾರ್ಡು ತೆಗೆದರು,
ಮೂಲೆ ಸುಲಿದದ್ದು, ನಡುವೆ ರೆಕ್ಕೆ ಬಿಚ್ಚಿದ ಹಕ್ಕಿ.

ಶಿಡ್ಲಘಟ್ಟ, ಗೂಡಿನ ಮಾರ್ಕೆಟ್ಟಿನ ಹಿಂದಿನ ಬೀದಿ.
ನನ್ನ ಅಂಗಡಿಗೆ ಬಾಗಿಲಿಗಿಂತ ಬೋರ್ಡು ದೊಡ್ಡದು:
ಪಹಣಿ, ಆಧಾರ್, ಜಾತಿ, ಆದಾಯ, ರೈಲ್ವೆ.
ವಿಮಾನ ಅಂತ ಬರೆಸಿರಲಿಲ್ಲ.

ಇಪ್ಪತ್ತೆರಡು ವರ್ಷ ಫಿಲೇಚರ್ ಕಂಪನಿಯ ಫಿಟ್ಟರು.
ಎಲ್ಲಿ ಮೆಷಿನ್ ನಿಂತರೂ ಇವರನ್ನು ಹಾರಿಸುತ್ತಿದ್ದರು,
ಶ್ರೀನಗರ, ಗುವಾಹಟಿ, ಬಾಗ್ಡೋಗ್ರಾ.
ಸ್ಪಾನರುಗಳು ವಿಮಾನದ ಹೊಟ್ಟೆಯಲ್ಲಿ,
ಇವರು ಮೇಲೆ, ಬರಿಗೈಲಿ, ಕಿಟಕಿ ಪಕ್ಕ.
ಕಂಪನಿ ಮುಚ್ಚಿದಾಗ ಉಳಿದದ್ದು ಮಂಡಿನೋವು,
ಮತ್ತೆ ಹನ್ನೊಂದು ಸಾವಿರದ ಮುನ್ನೂರ ನಲವತ್ತು ಮೈಲಿ.

ವರ್ಷಕ್ಕೊಮ್ಮೆ ಅಲುಗಾಡದಿದ್ದರೆ ಅವು ಸಾಯುತ್ತವಂತೆ.
ಮೂವತ್ತೊಂದರೊಳಗೆ ಏನಾದರೂ ಹುಡುಕುತ್ತೇವೆ:
ಒಂದು ವರ್ಷ ಅವರದೇ ಆನ್‌ಲೈನ್ ಅಂಗಡಿಯ ಕುಕ್ಕರ್ ರಬ್ಬರು,
ಒಂದು ವರ್ಷ ಟಾರ್ಚು,
ಹೋದ ವರ್ಷ ಯಾವುದೋ ಊರಿನ ಕಣ್ಣಾಸ್ಪತ್ರೆಗೆ
ಐವತ್ತು ಮೈಲಿ ದಾನ.
"ಕಣ್ಣಿಗೆ ಮೈಲಿ ಕೊಟ್ಟರೆ ದೂರ ಕಾಣುತ್ತಾ?" ಅಂದೆ.
"ಕಂಡ್ರೆ ಕಾಣ್ಲಿ ಬಿಡು."

ಲೆಕ್ಕ ಹಾಕಿ ನೋಡಿದ್ದೇವೆ. ಒಬ್ಬರು, ಗುವಾಹಟಿ.
ಹೋಗಬಹುದು. ಬರಲಾಗದು.

"ಹೋಗಿಬಿಡಿ ಸಾಬರೇ, ವಾಪಸ್ ರೈಲಲ್ಲಿ ಬಂದರಾಯ್ತು."
ಅವರು ಬೀದಿಯಲ್ಲಿ ಸಾಗುತ್ತಿದ್ದ ಗೂಡಿನ ಟೆಂಪೋ ತೋರಿಸಿದರು.
"ಚಂದ್ರಂಕಿಯಿಂದ ಬಿಡಿಸಿದ ಮೇಲೆ ಅದು ಕಾಯಲ್ಲಮ್ಮ.
ನಾಕು ದಿನ ಬಿಟ್ರೆ ಚಿಟ್ಟೆ ತೂತು ಮಾಡ್ಕೊಂಡು ಆಚೆ ಬರುತ್ತೆ,
ನೂಲೂ ಹೋಯ್ತು, ದುಡ್ಡೂ ಹೋಯ್ತು.
ಬಾಯ್ಲರ್ ನಿಂತಿದೆ ಅಂದ್ರೆ
ಎಲ್ಲೋ ಗೂಡು ಕಣ್ಣು ಬಿಡ್ತಿದೆ ಅಂತ.
ಮಗಳ ನಿಕಾಹ್ ದಿನಾನೂ ಹಾರಿದೀನಿ.
ನನ್ನ ಮನೇಲಿ ಕಾಯೋ ಪದಾರ್ಥ
ಒಂದಾದ್ರೂ ಇರ್ಲಿ."

ಈ ಸಲ ಓಟಿಪಿ ಬರಲಿಲ್ಲ.
ಮೈಲಿ ಕಾಯುವ ಭರದಲ್ಲಿ ಸಿಮ್ಮಿನ ರೀಚಾರ್ಜು ಮರೆತಿದ್ದರು.
ನಂಬರು ಸತ್ತು, ದಾವಣಗೆರೆಯಲ್ಲಿ
ಇನ್ಯಾರದೋ ಹೆಸರಲ್ಲಿ ಹುಟ್ಟಿಯೂ ಆಗಿತ್ತು.
ಮೂವತ್ತೊಂದನೇ ತಾರೀಖು, ಸಂಜೆ ನಾಲ್ಕೂವರೆ.
ನನ್ನ ಫೋನಿನಿಂದ ಕಾಲ್ ಸೆಂಟರು. ಅರ್ಧ ಗಂಟೆ ಸಂಗೀತ.
ಆಮೇಲೊಬ್ಬ ಹುಡುಗಿ, ಹಿಂದಿಯಲ್ಲಿ:
ನೀವು ನೀವೇ ಅನ್ನೋದಕ್ಕೆ ಪುರಾವೆ ಬೇಕು,
ಕೊನೆಯ ಪ್ರಯಾಣ ಹೇಳಿ.

ಸಾಬರು ಎದ್ದು ನಿಂತು ಹೇಳಿದರು.
ಗುವಾಹಟಿಯಿಂದ, ಸೀಟು ಇಪ್ಪತ್ತಮೂರು ಎಫ್.
ಕೆಳಗೆ ನದಿ, ಸಿಕ್ಕು ಬಿಡಿಸಿ ಹರವಿದ ಲಡಿಯ ಹಾಗೆ.
ಪಕ್ಕದ ಮಗು ವಾಂತಿ ಮಾಡಿದ್ದು,
ಅದರ ತಾಯಿಗೆ ತನ್ನ ಕರ್ಚೀಫು ಕೊಟ್ಟದ್ದು.
ಲೋಟದ ಉಪ್ಪಿಟ್ಟಿಗೆ ಬಿಸಿನೀರು ಹಾಕಿ
ಮುಚ್ಚಿಡಬೇಕೆಂದು ತಿಳಿಯದೆ ಹಾಗೇ ತಿಂದದ್ದು.
ದೇವನಹಳ್ಳಿಗೆ ಇಳಿಯುವ ಮುನ್ನ ವಿಮಾನ ವಾಲಿ
ನಂದಿಬೆಟ್ಟ ಕಿಟಕಿ ತುಂಬ ಬಂದದ್ದು.
ಅದರಾಚೆ ಎಲ್ಲೋ ತನ್ನ ಮನೆ,
ಅಲ್ಲಿ ಯಾರೂ ಮೇಲೆ ನೋಡದೆ ಇದ್ದಿರಬಹುದಾದದ್ದು.

ಹುಡುಗಿ ತಡೆಯಲಿಲ್ಲ.
ಅತ್ತ ಟಕಟಕ ಸದ್ದೂ ನಿಂತಿತ್ತು.
ಆಮೇಲೆ ಮೆಲ್ಲಗೆ: "ತಾರೀಖು ಹೇಳಿದ್ದರೆ ಸಾಕಿತ್ತು, ಸರ್."

ತಾರೀಖು ಅವರಿಗೆ ನೆನಪಿರಲಿಲ್ಲ.

ಹೇಗೋ ಒಪ್ಪಿದಳು. ನನ್ನ ನಂಬರು ಸೇರಿಸಿದಳು.
ಒಂದು ಪೆನ್ನು ತರಿಸಿದೆವು. ಮೈಲಿ ಅಲುಗಾಡಿತು.
ಪ್ರಿಂಟು ಬೇಕೆಂದರು, ಕಲರಿನದು,
ಹಕ್ಕಿ ನೀಲಿಯಾಗೇ ಬರಬೇಕಂತೆ.

ಈಗ ರಾತ್ರಿ ಹತ್ತಕ್ಕೂ ನನ್ನ ಫೋನು ಮಿಣುಕುತ್ತದೆ:
ಪ್ರಿಯ ಇನಾಯತ್, ಮುಂದಿನ ಪಯಣ ಎಲ್ಲಿಗೆ?
"ಯಾರೇ ಅದು ಇನಾಯತ್ತು?" ಅನ್ನುತ್ತಾರೆ ಅತ್ತೆ,
ಹುರುಳಿ ಕೇರುತ್ತಾ.
"ಗಿರಾಕಿ."
"ಎಲ್ಲಿಗೋಗ್ತಾನಂತೆ?"
"ಎಲ್ಲಿಗೂ ಇಲ್ಲ. ಇನ್ನೂ ಟೈಮಿದೆ."